ಲಾಟರಿ ಹತ್ತೇದ ಅಂತ ಫೋನ್ ಬಂದ್ರ, ಮೊದಲು ಇನ್ನೊಬ್ಬರಿಗೆ ತೋರಿಸ್ರಿ

ಈ ಸಂಚಿಕೆಯಲ್ಲಿ ನಿಮ್ಮ ಮೊಬೈಲಿಗೆ ಬರುವ ಒಂದು ಸಂದೇಶದ ಬಗ್ಗೆ ಮಾತಾಡ್ತೀನಿ. "ಅಭಿನಂದನೆಗಳು, ನಿಮಗೆ 25 ಲಕ್ಷ ರೂಪಾಯಿ ಲಾಟರಿ ಹತ್ತಿದೆ" ಅನ್ನೋ ಸಂದೇಶ.

ನನ್ನೂರು ಮೋರಟಗಿ. ಸಿಂದಗಿಯಿಂದ ಜೇವರ್ಗಿ ಕಡೆ ಹೋಗುವ ದಾರಿಯಲ್ಲಿ ಬರ್ತದ. ಊರಲ್ಲಿ ಅರ್ಜಿ ತುಂಬೋದು, ಪಹಣಿ ತೆಗೆಸೋದು, ಬ್ಯಾಂಕಿನಿಂದ ಬಂದ ಕಾಗದ ಓದಿ ಹೇಳೋದು, ಇಂಥ ಕೆಲಸಕ್ಕೆ ಅಕ್ಕಪಕ್ಕದವರು ನನ್ನ ಹತ್ತಿರ ಬರ್ತಾರೆ. ಹಂಗಾಗಿ ಬೇರೆಯವರ ಫೋನಿನಲ್ಲಿ ಇಂಥ ಸಂದೇಶ ಎಷ್ಟು ನೋಡೀನಿ ಅಂದ್ರೆ, ಅರ್ಧ ಓದುವಷ್ಟರಲ್ಲಿ ಮುಂದಿನ ಸಾಲು ಏನು ಅಂತ ಗೊತ್ತಾಗಿಬಿಡ್ತದ.

ಹೆಚ್ಚಾಗಿ ಬರೋದು ಕೌನ್ ಬನೇಗಾ ಕರೋಡ್‌ಪತಿ ಹೆಸರಿನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಇರುತ್ತದೆ. ಅದರಲ್ಲಿ ಅಮಿತಾಭ್ ಬಚ್ಚನ್ ಫೋಟೋ, ಪ್ರಧಾನಿ ಫೋಟೋ, ಒಂದು ಲಾಟರಿ ನಂಬರ್, ಬ್ಯಾಂಕ್ ಮ್ಯಾನೇಜರ್ ಅಂತ ಒಬ್ಬನ ಹೆಸರು. ಜೊತೆಗೆ ಹಿಂದಿಯಲ್ಲಿ ಒಂದು ಧ್ವನಿ ಸಂದೇಶ: ದೇಶದ ಎಲ್ಲ ಸಿಮ್ ಕಾರ್ಡುಗಳ ಲಕ್ಕಿ ಡ್ರಾ ಆಗಿದೆ, ನಿಮ್ಮ ನಂಬರಿಗೆ 25 ಲಕ್ಷ ಬಂದಿದೆ, ಈ ಮ್ಯಾನೇಜರ್‌ಗೆ ವಾಟ್ಸ್‌ಆ್ಯಪ್‌ನಲ್ಲೇ ಕರೆ ಮಾಡಿ, ಸಾದಾ ಕರೆ ಮಾಡಬೇಡಿ. ಕಳಿಸಿದ ನಂಬರ್ ನೋಡಿದರೆ ಎಷ್ಟೋ ಸಲ +92 ಅಂತ ಶುರುವಾಗುತ್ತದೆ. ನಮ್ಮ ದೇಶದ ನಂಬರು +91. +92 ಅಂದ್ರೆ ಪಾಕಿಸ್ತಾನದ ಸಂಕೇತ. ದೆಹಲಿ ಪೊಲೀಸರ ಸೈಬರ್ ವಿಭಾಗ ಈ ವಂಚನೆ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿದೆ. ಆದರೂ ಸಂದೇಶ ನಿಂತಿಲ್ಲ. ನಿಲ್ಲದೇ ಇರೋಕೆ ಕಾರಣ ಒಂದೇ, ಯಾರೋ ಒಬ್ಬರು ನಂಬ್ತಾರೆ, ದುಡ್ಡು ಕಳಿಸ್ತಾರೆ.

ಯಾಕೆ ನಂಬ್ತಾರೆ? "ಆಸೆಬುರುಕರು" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡೋರು ಬಹಳ ಮಂದಿ. ನಾನು ಆ ಮಾತು ಒಪ್ಪೋದಿಲ್ಲ. ಸ್ವಲ್ಪ ಯೋಚನೆ ಮಾಡ್ರಿ. ನಮ್ಮ ಕಡೆ ಹಳ್ಳಿಯ ಒಬ್ಬ ಹೆಣ್ಣುಮಗಳಿಗೆ ಇವತ್ತು ದುಡ್ಡು ಹೇಗೆ ಬರ್ತದ? ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿತ್ತು ಅಂತ ಮೊಬೈಲಿಗೆ ಸಂದೇಶ ಬರ್ತದ. ರೈತರಿಗೆ ಪಿಎಂ ಕಿಸಾನ್ ಕಂತು, ವರ್ಷಕ್ಕೆ ಮೂರು ಸಲ 2,000 ರೂಪಾಯಿ, ಅದೂ ಸಂದೇಶದಲ್ಲೇ ಗೊತ್ತಾಗೋದು. ಬೆಳೆ ವಿಮೆ, ಬೆಳೆ ಪರಿಹಾರ, ಎಲ್ಲಾ ಹಂಗೇ. ಯಾರೂ ಮನೆಗೆ ಬಂದು ನೋಟು ಎಣಿಸಿ ಕೊಡೋದಿಲ್ಲ. ಅಂದ್ರೆ, "ನಿಮಗೆ ದುಡ್ಡು ಬಂದದ" ಅನ್ನೋ ಸಂದೇಶ ನಿಜ ಆಗಿದ್ದನ್ನ ನಮ್ಮ ಜನ ಕಣ್ಣಾರೆ ಕಂಡಾರ. ಹತ್ತು ಸಲ ನಿಜವಾದದ್ದು ಹನ್ನೊಂದನೇ ಸಲ ಸುಳ್ಳಿರಬಹುದು ಅಂತ ಅನುಮಾನ ಬರೋದು ಸುಲಭ ಅಲ್ಲ. ಮೋಸಗಾರ ಬಳಸಿಕೊಳ್ಳೋದು ಈ ನಂಬಿಕೆಯನ್ನ.

ಹಾಗಾದರೆ ನಿಜ ಯಾವುದು, ಸುಳ್ಳು ಯಾವುದು? ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು.

ಮೊದಲನೇ ಪ್ರಶ್ನೆ: ಇದಕ್ಕೆ ನಾನು ಅರ್ಜಿ ಹಾಕಿದ್ದೆನಾ? ಟಿಕೆಟ್ ತಗೊಂಡಿದ್ದೆನಾ? ಗೃಹಲಕ್ಷ್ಮಿಗೆ ನೀವು ಆಧಾರ್ ಕೊಟ್ಟು, ರೇಷನ್ ಕಾರ್ಡ್ ಕೊಟ್ಟು ನೋಂದಣಿ ಮಾಡಿಸಿದ್ರಿ. ಪಿಎಂ ಕಿಸಾನ್‌ಗೆ ಹೊಲದ ದಾಖಲೆ ಕೊಟ್ರಿ. ಲಾಟರಿಗೆ ಏನು ಕೊಟ್ರಿ? ಭಾರತದಲ್ಲಿ ಲಾಟರಿಗೆ 1998ರ ಒಂದು ಕೇಂದ್ರ ಕಾಯ್ದೆ ಇದೆ. ಅದರ ಪ್ರಕಾರ ಲಾಟರಿ ನಡೆಸಬೇಕಾದದ್ದು ರಾಜ್ಯ ಸರ್ಕಾರ. ಟಿಕೆಟ್ ಮೇಲೆ ಆ ರಾಜ್ಯದ ಮುದ್ರೆ ಇರಬೇಕು, ಡ್ರಾ ಮಾಡೋದೂ ಆ ರಾಜ್ಯ ಸರ್ಕಾರವೇ. ಸಿಮ್ ಕಾರ್ಡ್ ನಂಬರ್ ಎತ್ತಿ 25 ಲಕ್ಷ ಹಂಚೋ ಲಾಟರಿ ಕಾನೂನಿನಲ್ಲೇ ಇಲ್ಲ. ಕೌನ್ ಬನೇಗಾ ಕರೋಡ್‌ಪತಿಯಲ್ಲಿ ಗೆಲ್ಲಬೇಕಾದರೆ ಆಟದಲ್ಲಿ ಭಾಗವಹಿಸಿ ಉತ್ತರ ಹೇಳಬೇಕು. ಆಟ ಆಡದೇ ಮನೆಯಲ್ಲಿ ರೊಟ್ಟಿ ಬಡೀತಾ ಇದ್ದವರಿಗೆ ಅದರ ಬಹುಮಾನ ಬರೋದಿಲ್ಲ.

ನಮ್ಮ ಕರ್ನಾಟಕದ ಸಂಗತಿ ಇನ್ನೂ ಸ್ಪಷ್ಟ. ಇಲ್ಲಿ ಲಾಟರಿ ಮಾರಾಟವನ್ನ 2007ರಲ್ಲಿ ನಿಷೇಧ ಮಾಡಿದರು. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ. ಕೂಲಿ ಮಾಡಿದ ದುಡ್ಡೆಲ್ಲ ಸಂಜೆಗೆ ಲಾಟರಿ ಅಂಗಡಿಗೆ ಹೋಗಿ ಮನೆಗಳು ಹಾಳಾಗಿದ್ದನ್ನ ಹಿರಿಯರು ಇನ್ನೂ ಮರೆತಿಲ್ಲ. ಆದರೆ ನಮ್ಮ ಜಿಲ್ಲೆ ಗಡಿ ಜಿಲ್ಲೆ. ಇಂಡಿ ಕಡೆಯವರು ಸೊಲ್ಲಾಪುರಕ್ಕೆ ಹೋಗಿ ಬರ್ತಾರೆ. ದುಡಿಯೋಕೆ ಪುಣೆಗೆ, ಮುಂಬೈಗೆ, ಗೋವಾಕ್ಕೆ ಹೋದವರು ಮನೆಗೊಬ್ಬರಾದರೂ ಇದ್ದಾರೆ. ಮಹಾರಾಷ್ಟ್ರದಲ್ಲಿ, ಗೋವಾದಲ್ಲಿ, ಕೇರಳದಲ್ಲಿ ಸರ್ಕಾರಿ ಲಾಟರಿ ಇವತ್ತಿಗೂ ಇದೆ. ಅಲ್ಲಿ ಟಿಕೆಟ್ ಅಂಗಡಿ ನೋಡಿ ಬಂದವರಿಗೆ ಲಾಟರಿ ಅನ್ನೋದು ಸುಳ್ಳು ಅನಿಸೋದಿಲ್ಲ. ಅವರು ಕಂಡದ್ದು ನಿಜ. ಆದರೆ ಅಂಗಡಿಯ ಟಿಕೆಟ್ಟಿಗೂ ವಾಟ್ಸ್‌ಆ್ಯಪ್ ಚಿತ್ರಕ್ಕೂ ಸಂಬಂಧ ಇಲ್ಲ.

ಎರಡನೇ ಪ್ರಶ್ನೆ: ಯಾರು ಯಾರನ್ನ ಹುಡುಕ್ತಾ ಇದ್ದಾರೆ? ಇದಕ್ಕೆ ಕೇರಳದ ಉದಾಹರಣೆ ಚೊಲೋ. ಕೇರಳ ಸರ್ಕಾರ 1967ರಲ್ಲೇ ಲಾಟರಿ ಶುರು ಮಾಡಿತು. ಇವತ್ತಿಗೂ ಅಲ್ಲಿ ಮಾರೋದು ಕಾಗದದ ಟಿಕೆಟ್. ಆನ್‌ಲೈನ್‌ನಲ್ಲಿ ಅವರು ಮಾರೋದಿಲ್ಲ. ಅಂಗಡಿಯವ ಟಿಕೆಟ್ ಕೊಡುವಾಗ ನಿಮ್ಮ ಹೆಸರು ಬರೆದುಕೊಳ್ಳೋದಿಲ್ಲ, ಫೋನ್ ನಂಬರ್ ಕೇಳೋದಿಲ್ಲ. ಹಂಗಾಗಿ ಡ್ರಾ ಆದ ಮೇಲೆ ಗೆದ್ದ ನಂಬರು ಇಲಾಖೆಗೆ ಗೊತ್ತು, ಗೆದ್ದ ಮನುಷ್ಯ ಯಾರು ಅಂತ ಗೊತ್ತಿರೋದಿಲ್ಲ. 2024ರ ಓಣಂ ಬಂಪರ್‌ನ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಯ ಒಬ್ಬರಿಗೆ ಹತ್ತಿತು. ವಯನಾಡಿನಲ್ಲಿ ಮಾರಾಟವಾದ ಟಿಕೆಟ್ ಅದು. ಆಗ ಸುದ್ದಿ ನೋಡಿದವರಿಗೆ ನೆನಪಿರಬಹುದು, ಫಲಿತಾಂಶ ಬಂದ ಮೇಲೆ "ಗೆದ್ದವರು ಯಾರು" ಅಂತ ಎಲ್ಲರೂ ಕಾಯ್ತಾ ಇದ್ದರು. ಟಿಕೆಟ್ ಇದ್ದವರೇ ನಂಬರ್ ತಾಳೆ ನೋಡಿ, ಮೂಲ ಟಿಕೆಟ್ ತಗೊಂಡು ಮುಂದೆ ಬರಬೇಕು. ನಿಜವಾದ ಲಾಟರಿಯಲ್ಲಿ ಗೆದ್ದವರು ಲಾಟರಿಯನ್ನ ಹುಡುಕಿಕೊಂಡು ಹೋಗ್ತಾರೆ. ಲಾಟರಿಯೇ ನಿಮ್ಮನ್ನ ಹುಡುಕಿಕೊಂಡು ಬಂತು ಅಂದ್ರೆ ಅದು ಲಾಟರಿ ಅಲ್ಲ.

ಇನ್ನೊಂದು ಮಾತು. ಕೇರಳ ಲಾಟರಿ ಆನ್‌ಲೈನ್‌ನಲ್ಲಿ ಸಿಗ್ತದ ಅಂತ ಫೇಸ್‌ಬುಕ್‌ನಲ್ಲಿ ಜಾಹೀರಾತು ಬರ್ತಾವ, ಆ್ಯಪ್ ಹಾಕಿಕೊಳ್ಳಿ ಅಂತಾವ. ಅವು ನಕಲಿ. ಈಗಷ್ಟೇ ಹೇಳಿದೆನಲ್ಲ, ಕೇರಳದವರು ಆನ್‌ಲೈನ್‌ನಲ್ಲಿ ಮಾರೋದೇ ಇಲ್ಲ.

ಮೂರನೇ ಪ್ರಶ್ನೆ: ದುಡ್ಡು ಯಾವ ಕಡೆ ಹರೀತಾ ಇದೆ? ಬಹುಮಾನ ಅಂದ್ರೆ ದುಡ್ಡು ಅವರಿಂದ ನಿಮಗೆ ಬರಬೇಕು. ನಿಮ್ಮಿಂದ ಅವರಿಗೆ ಹೋಗ್ತಾ ಇದ್ದರೆ ಅದಕ್ಕೆ ಯಾವ ಹೆಸರು ಕೊಟ್ಟರೂ ಬಹುಮಾನ ಆಗೋದಿಲ್ಲ. ಮೋಸಗಾರರು ಹೇಳೋ ಹೆಸರುಗಳು ಗೊತ್ತೇ ಇವೆ: ಪ್ರೊಸೆಸಿಂಗ್ ಶುಲ್ಕ, ಜಿಎಸ್‌ಟಿ, ಆದಾಯ ತೆರಿಗೆ, ಆರ್‌ಬಿಐ ಅನುಮತಿ. ಒಂದೊಂದಾಗಿ ನೋಡೋಣ. ಜಿಎಸ್‌ಟಿ ಇರೋದು ಟಿಕೆಟ್ ಮಾರಾಟದ ಮೇಲೆ, ಗೆದ್ದ ಹಣದ ಮೇಲೆ ಅಲ್ಲ. ಆದಾಯ ತೆರಿಗೆ ಇದೆ, ಗೆದ್ದ ಹಣಕ್ಕೆ 30 ಶೇಕಡಾ, ಅದರ ಮೇಲೆ ಸೆಸ್ ಬೇರೆ. ಆದರೆ ನಗದು ಬಹುಮಾನ 10,000 ರೂಪಾಯಿ ದಾಟಿದರೆ ಬಹುಮಾನ ಕೊಡೋರೇ ತೆರಿಗೆ ಮುರಿದುಕೊಂಡು ಉಳಿದದ್ದನ್ನ ನಿಮ್ಮ ಕೈಗೆ ಕೊಡ್ತಾರೆ. ಮೊದಲು ನಿಮ್ಮ ಕೈಯಿಂದ ಕಟ್ಟಿ ಅಂತ ಫೋನ್‌ಪೇ ನಂಬರ್ ಕೊಡೋದಿಲ್ಲ. ಇನ್ನು ಆರ್‌ಬಿಐ, ಅದು ಸಾಮಾನ್ಯ ಜನರ ಖಾತೆ ಇಟ್ಟುಕೊಳ್ಳೋ ಬ್ಯಾಂಕ್ ಅಲ್ಲ, ಲಾಟರಿ ದುಡ್ಡು ಹಂಚೋ ಕಚೇರಿಯೂ ಅಲ್ಲ. ಇದನ್ನ ಆರ್‌ಬಿಐನವರೇ ವರ್ಷಗಳಿಂದ ಹೇಳ್ತಾ ಬಂದಿದ್ದಾರೆ. ಲಂಡನ್ ಲಾಟರಿ, ದುಬೈ ಲಾಟರಿ ಅಂತ ಬಂದರೆ ಇನ್ನೊಂದು ವಿಷಯ ತಿಳಿದಿರಲಿ: ಲಾಟರಿ ಟಿಕೆಟ್ಟಿಗಾಗಿ ಹೊರದೇಶಕ್ಕೆ ಹಣ ಕಳಿಸೋದಕ್ಕೆ ನಮ್ಮ ವಿದೇಶಿ ವಿನಿಮಯ ನಿಯಮದಲ್ಲೇ ಅವಕಾಶ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬಹುಮಾನ ಕಾರು, ಬೈಕು ಆಗಿದ್ದರೆ ಅದರಲ್ಲಿ ತೆರಿಗೆ ಮುರಿಯೋಕೆ ಆಗೋದಿಲ್ಲ. ಆಗ ಕಾನೂನಿನ ಪ್ರಕಾರ ತೆರಿಗೆ ಕಟ್ಟಿದ್ದು ಖಾತ್ರಿಯಾದ ಮೇಲೇ ವಸ್ತು ಕೊಡಬೇಕು. ಇದನ್ನೇ ಹಿಡಿದುಕೊಂಡು ಸ್ಕ್ರ್ಯಾಚ್ ಕಾರ್ಡ್ ಮೋಸ ನಡೀತದ. ಅಂಚೆಯಲ್ಲಿ ಒಂದು ಲಕೋಟೆ ಬರ್ತದ. ಹೆಸರಾಂತ ಆನ್‌ಲೈನ್ ಅಂಗಡಿಯ ಚಿಹ್ನೆ ಇರ್ತದ, ಒಳಗೆ ಕೆರೆದು ನೋಡೋ ಕಾರ್ಡು. ಕೆರೆದರೆ ಕಾರು! ಫೋನ್ ಮಾಡಿದರೆ "ತೆರಿಗೆ ಮಾತ್ರ ಕಟ್ಟಿ, ಕಾರು ಬೇಡ ಅಂದ್ರೆ ನಗದು ಕೊಡ್ತೀವಿ" ಅಂತಾರೆ. ಆ ಕಂಪನಿಗೂ ಈ ಲಕೋಟೆಗೂ ಸಂಬಂಧ ಇರೋದಿಲ್ಲ. ಲಕೋಟೆ ಮೇಲೆ ನಿಮ್ಮ ಹೆಸರು, ಊರು ಸರಿಯಾಗಿ ಇರುತ್ತದೆ, ಅದನ್ನ ನೋಡಿ ನಂಬಬೇಡ್ರಿ. ನಮ್ಮ ವಿಳಾಸದ ಪಟ್ಟಿಗಳು ಕೈಯಿಂದ ಕೈಗೆ ಮಾರಾಟ ಆಗ್ತಾವ. ತೆರಿಗೆ ಹೋಗಬೇಕಾದದ್ದು ಸರ್ಕಾರದ ಖಾತೆಗೆ, ನಿಮ್ಮ ಪ್ಯಾನ್ ಹೆಸರಿನಲ್ಲಿ. ಯಾರೋ ಒಬ್ಬನ ಹೆಸರಿನ ಉಳಿತಾಯ ಖಾತೆಗೆ ತೆರಿಗೆ ಕಟ್ಟು ಅಂದ್ರೆ ಅಲ್ಲಿಗೇ ಮಾತು ಮುಗೀತು.

ಇಷ್ಟು ತಿಳಿದವರೂ ಮೋಸ ಹೋಗ್ತಾರೆ. ಹೆಂಗೆ ಅಂತ ಹೇಳ್ತೀನಿ.

ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಒಂದಿನ ನನ್ನ ಹತ್ತಿರ ಬಂದಳು. ಕೇಳಿದ್ದು ಲಾಟರಿ ವಿಷಯ ಅಲ್ಲ. "ಅಣ್ಣಾ, ಬಂಗಾರ ಒತ್ತಿ ಇಡಬೇಕು, ಯಾವ ಬ್ಯಾಂಕಿನ್ಯಾಗ ಬಡ್ಡಿ ಕಮ್ಮಿ ಅದ?" ತೊಗರಿ ಮಾರಿ ಇನ್ನೂ ತಿಂಗಳಾಗಿರಲಿಲ್ಲ, ಕೈಯಲ್ಲಿ ದುಡ್ಡು ಇರಬೇಕಾದ ಹೊತ್ತು. ಯಾಕವ್ವಾ ಅಂದೆ. "ಹಂಗ ಸುಮ್ಮ, ಸ್ವಲ್ಪ ಕೆಲಸ ಅದ" ಅಂದಳು. ಎರಡನೇ ಸಲ ಕೇಳಿದಾಗ ಫೋನ್ ತೆಗೆದು ತೋರಿಸಿದಳು. ಮೊದಲು 8,000, ನಾಲ್ಕು ದಿನ ಬಿಟ್ಟು 15,000, ಅದರ ಮುಂದಿನ ವಾರ 25,000. ಒಟ್ಟು 48,000 ಹೋಗಿತ್ತು. ಮಗಳ ಕಾಲೇಜಿನ ಫೀಗೆ ಅಂತ ಇಟ್ಟ ದುಡ್ಡು. ಈಗ 40,000 ಕೇಳ್ತಾ ಇದ್ದರು. ಜೊತೆಗೆ, "ನಿಮ್ಮ ಮೊತ್ತ 25 ಲಕ್ಷದಿಂದ 45 ಲಕ್ಷಕ್ಕೆ ಏರಿದೆ" ಅಂತ ಒಂದು ಹೊಸ ಕಾಗದ.

ಇದು ಈ ದಂಧೆಯ ಹಳೇ ಪಾಠ. ದುಡ್ಡು ಕೊಟ್ಟವರು ಬೇಸತ್ತು ನಿಲ್ಲಿಸೋ ಹೊತ್ತಿಗೆ ಬಹುಮಾನ ಏರುತ್ತದೆ. 25 ಲಕ್ಷ 45 ಆಗುತ್ತದೆ, 45 ಲಕ್ಷ 75 ಆಗುತ್ತದೆ. ಮೊದಲನೇ ಕಂತು ಕೊಡಿಸೋದು ಆಸೆ ಇರಬಹುದು. ಎರಡನೆಯದು, ಮೂರನೆಯದು ಕೊಡಿಸೋದು ಆಸೆ ಅಲ್ಲ, ಹೆದರಿಕೆ. ಈಗ ಬಿಟ್ಟರೆ ಕೊಟ್ಟದ್ದೆಲ್ಲ ಹೋಯಿತಲ್ಲ ಅನ್ನೋ ಹೆದರಿಕೆ.

ಆ ಚಾಟ್ ಪೂರ್ತಿ ಓದಿದೆ. ಅದರಲ್ಲಿ ಮತ್ತೆ ಮತ್ತೆ ಬಂದ ಒಂದು ಮಾತು: "ಯಾರಿಗೂ ಹೇಳಬೇಡಿ." ಸಂಬಂಧಿಕರಿಗೆ ಹೇಳಿದರೆ ಕಣ್ಣು ಬೀಳ್ತದ, ಬ್ಯಾಂಕಿನಲ್ಲಿ ಕೇಳಿದರೆ ಅವರು ಕ್ಲೇಮ್ ರದ್ದು ಮಾಡ್ತಾರೆ, ಗಂಡನಿಗೆ ಹಣ ಬಂದ ಮೇಲೆ ಹೇಳಿ ಖುಷಿಪಡಿಸಿ. ಹಣ ಕೇಳಿದ್ದಕ್ಕಿಂತ ಹೆಚ್ಚು ಸಲ ಗುಟ್ಟು ಕೇಳಿದ್ದಾರೆ. ಯಾಕಂದ್ರೆ ಈ ಮೋಸಕ್ಕೆ ಬಂಡವಾಳವೇ ಗುಟ್ಟು. ಇನ್ನೊಬ್ಬರ ಕಿವಿಗೆ ಬಿದ್ದರೆ ಒಂದು ನಿಮಿಷದಲ್ಲಿ ಒಡೆದುಹೋಗುತ್ತದೆ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ. ನೂರು ವರ್ಷಕ್ಕೂ ಹಿಂದೆ ಯುರೋಪ್, ಅಮೆರಿಕದಲ್ಲಿ 'ಸ್ಪೇನಿನ ಕೈದಿ' ಅನ್ನೋ ಮೋಸ ನಡೀತಿತ್ತು. ಒಂದು ಕಾಗದ ಬರೋದು: ಶ್ರೀಮಂತನೊಬ್ಬ ಸ್ಪೇನಿನ ಜೈಲಿನಲ್ಲಿದ್ದಾನೆ, ಬಿಡಿಸೋಕೆ ಸ್ವಲ್ಪ ಹಣ ಕಳಿಸಿ, ಹೊರಗೆ ಬಂದ ಮೇಲೆ ಸಂಪತ್ತಿನಲ್ಲಿ ಪಾಲು ಕೊಡ್ತಾನೆ, ಆದರೆ ವಿಷಯ ಗುಟ್ಟಾಗಿರಲಿ. ಹಣ ಕಳಿಸಿದರೆ ಹೊಸ ತೊಂದರೆ, ಮತ್ತೆ ಹಣ. ಕೈದಿ ಹೋಗಿ ಲಾಟರಿ ಬಂದದ, ಅಂಚೆ ಹೋಗಿ ವಾಟ್ಸ್‌ಆ್ಯಪ್ ಬಂದದ. "ಯಾರಿಗೂ ಹೇಳಬೇಡಿ" ಅನ್ನೋದು ಹಂಗೇ ಉಳಿದದ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರ್ತೀನಿ. ಮೊದಲು ನಮ್ಮ ಹಳ್ಳಿಯಲ್ಲಿ ಯಾರಿಗಾದರೂ ಕಾಗದ ಬಂದರೆ ಅದು ಒಬ್ಬರ ಕಣ್ಣಿಗೇ ಬೀಳ್ತಾ ಇರಲಿಲ್ಲ. ಓದಲು ಬಾರದವರು ಮಾಸ್ತರರ ಹತ್ತಿರ ಹೋಗೋರು. ಓದಲು ಬರೋರೂ ಬ್ಯಾಂಕ್ ನೋಟಿಸು, ಕೋರ್ಟ್ ಕಾಗದ ಬಂದರೆ ಕಟ್ಟೆಗೆ ತಂದು ನಾಲ್ಕು ಮಂದಿಗೆ ತೋರಿಸೋರು. ಮೊಬೈಲ್ ಬಂದ ಮೇಲೆ ಆ ರೂಢಿ ತಪ್ಪಿತು. ಕಾಗದ ಈಗ ನೇರ ಕಿಸೆಗೆ ಬರ್ತದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬರೇ ಕೂತು ಕೇಳ್ತೀವಿ, ಒಬ್ಬರೇ ನಿರ್ಧಾರ ಮಾಡ್ತೀವಿ. ಮೋಸಗಾರನಿಗೆ ಬೇಕಾದದ್ದೂ ಅದೇ.

ಅದಕ್ಕೆ ಹಳೇ ರೂಢಿ ಮತ್ತೆ ತರೋಣ. ದುಡ್ಡಿನ ವಿಷಯದ ಯಾವ ಸಂದೇಶ ಬಂದರೂ, ಒಂದು ರೂಪಾಯಿ ಕಳಿಸೋ ಮೊದಲು ಒಬ್ಬರಿಗೆ ತೋರಿಸ್ರಿ. ಮಗಳಿಗೆ ತೋರಿಸ್ರಿ, ಪಕ್ಕದ ಮನೆಯವರಿಗೆ, ಸಂಘದ ಅಕ್ಕನಿಗೆ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇರೋರಿಗೆ. ಅವರು ಬಹಳ ಓದಿದವರೇ ಆಗಬೇಕಂತಿಲ್ಲ. ಆ ಲಾಟರಿಯ ಕನಸು ಕಾಣದ ಇನ್ನೊಂದು ತಲೆ ಸಾಕು.

ಜೊತೆಗೆ ಎರಡು ಕೈಗೆಲಸದ ಮಾತು. ದುಡ್ಡು ನಿಮಗೆ ಬರೋದಕ್ಕೆ ಯುಪಿಐ ಪಿನ್ ಹಾಕಬೇಕಾಗಿಲ್ಲ. ಪಿನ್ ಹಾಕಿದ್ರಿ ಅಂದ್ರೆ ನಿಮ್ಮ ಖಾತೆಯಿಂದ ಹೋಗ್ತಾ ಇದೆ ಅಂತ ಅರ್ಥ. ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ, ಬಹುಮಾನ ಬರ್ತದ" ಅಂದರೂ ಅದೇ ಮೋಸ. ಇನ್ನೊಂದು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಒತ್ತಬೇಡ್ರಿ. ಲಾಟರಿ ಫಾರಂ ಅಂತ ಹೆಸರಿಟ್ಟಿರ್ತಾರೆ. ಒಳಗೆ ನಿಮ್ಮ ಸಂದೇಶ, ಒಟಿಪಿ ಎಲ್ಲ ಕದ್ದು ನೋಡೋ ಆ್ಯಪ್ ಇರಬಹುದು.

ದುಡ್ಡು ಹೋಗಿಬಿಟ್ಟಿದ್ದರೆ? ಅಳೋದು ಆಮೇಲೆ, ಮೊದಲು 1930ಕ್ಕೆ ಫೋನ್ ಮಾಡ್ರಿ. ಸೈಬರ್ ವಂಚನೆಗೆ ಇರೋ ರಾಷ್ಟ್ರೀಯ ಸಹಾಯವಾಣಿ ಅದು. ಯಾವ ಬ್ಯಾಂಕ್, ಎಷ್ಟು ಹಣ, ಯಾವಾಗ ಹೋಯಿತು, ವಹಿವಾಟಿನ ನಂಬರ್ ಏನು ಅಂತ ಕೇಳ್ತಾರೆ, ಸಿದ್ಧ ಇಟ್ಟುಕೊಳ್ಳಿ. ಅವರು ಹಣ ಹೋದ ಖಾತೆಯ ಬ್ಯಾಂಕಿಗೆ ಸುದ್ದಿ ಮುಟ್ಟಿಸ್ತಾರೆ. ಆ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ತಡೆಹಿಡೀತಾರೆ. ಕಳ್ಳರು ಹಣವನ್ನ ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ದಾಟಿಸ್ತಾರೆ. ಹಂಗಾಗಿ ಬೆಳಿಗ್ಗೆ ನೋಡೋಣ ಅನ್ನೋ ಮಾತು ಬೇಡ. ಸೈಬರ್ ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ಅನ್ನೋ ಸರ್ಕಾರಿ ಜಾಲತಾಣದಲ್ಲೂ ದೂರು ಕೊಡಬಹುದು. ವಿಜಯಪುರದಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ, ಸೈಬರ್ ಅಪರಾಧ ಅವರ ಕೆಲಸ. ಸಂದೇಶ ಅಳಿಸಬೇಡ್ರಿ, ನಂಬರು, ಧ್ವನಿ, ಚಿತ್ರ ಎಲ್ಲ ಸಾಕ್ಷಿ. ಆಮೇಲೆ ಯಾರಾದರೂ ಫೋನ್ ಮಾಡಿ "ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಶುಲ್ಕ ಕೊಡಿ" ಅಂದರೆ ಅದು ಎರಡನೇ ಮೋಸ.

ಆ ಹೆಣ್ಣುಮಗಳ ಮೂರನೇ ಕಂತು ಹೋಗಿದ್ದು ಹಿಂದಿನ ದಿನ. ಅಲ್ಲೇ ಕೂತು 1930ಕ್ಕೆ ಹಚ್ಚಿದೆವು. ಅದರಲ್ಲಿ ಸ್ವಲ್ಪ ಭಾಗ ತಡೆದಾರ. ಅದು ಕೈಗೆ ಬರೋಕೆ ಓಡಾಟ ನಡೆದದ. ಮೊದಲಿನ ಎರಡು ಕಂತು ಸಿಕ್ಕಿಲ್ಲ, ಸಿಗೋ ಭರವಸೆಯೂ ಇಲ್ಲ. ಬಂಗಾರ ಮಾತ್ರ ಉಳೀತು.

ಮನೆಯವರಿಗೆ ಒಂದು ಮಾತು. ಯಾರಾದರೂ ಹೀಗೆ ಕಳಕೊಂಡು ಬಂದು ಹೇಳಿದರೆ ಬಯ್ಯಬೇಡ್ರಿ. "ನಿನಗ ಬುದ್ಧಿ ಇಲ್ಲೇನು" ಅಂತ ಒಂದು ಸಲ ಅಂದ್ರೆ, ಅವರು ಮುಂದಿನ ಸಲ ಹೇಳೋದಿಲ್ಲ. ಆಕೆ ನನ್ನ ಹತ್ತಿರ ಸಾಲದ ನೆಪ ಹೇಳಿ ಬಂದದ್ದು ಮನೆಯಲ್ಲಿ ಬಯ್ಗಳ ಬೀಳ್ತಾವ ಅನ್ನೋ ಹೆದರಿಕೆಗೆ. ಆ ಹೆದರಿಕೆ ಇಲ್ಲದೇ ಇದ್ದಿದ್ದರೆ ಮೊದಲನೇ 8,000ಕ್ಕೇ ಮಾತು ನಿಲ್ತಿತ್ತು.

ಹುಡುಗರಿಗೂ ಒಂದು ಮಾತು. ಕದ್ದ ದುಡ್ಡು ದಾಟೋದು ನಮ್ಮಂಥವರದೇ ಖಾತೆಗಳಿಂದ. "ನಿನ್ನ ಖಾತೆ, ಎಟಿಎಂ ಕಾರ್ಡು ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಅಂತ ಯಾರಾದರೂ ಕೇಳಿದರೆ ಕೊಡಬೇಡ್ರಿ. ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಮೊದಲು ಸಿಗೋದು ಖಾತೆ ಯಾರ ಹೆಸರಿನಲ್ಲಿದೆಯೋ ಅವರು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರ ಫೋನ್ ಒಂದ್ಸಲ ಕೇಳಿ ನೋಡ್ರಿ, ಅವರಿಗೆ ಇಂಥ ಸಂದೇಶ ಬಂದದೇನು ಅಂತ. ಬಂದಿದ್ದರೆ ನಗಬೇಡ್ರಿ, ಜೊತೆಗೆ ಕೂತು ಓದ್ರಿ. 1930 ಅನ್ನೋ ನಂಬರು ಅವರ ಫೋನಿನಲ್ಲಿ ಹೆಸರಿಟ್ಟು ಉಳಿಸಿಕೊಡ್ರಿ.